ಮನೆ ಅಪಾಯವನ್ನು ಅಳೆಯುವ ಬಗೆ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಮುಂದಿನ ಕೆಲವು ವಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲೂ ಖಾಸಗಿ ಆಸ್ಪತ್ರೆಗಳಲ್ಲೂ ಹೃದಯ ತಪಾಸಣೆಗೆ ಬಂದವರ ಸಾಲು ಕರಗಲಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಎದೆನೋವಿರಲಿಲ್ಲ, ಸುಸ್ತೂ ಇರಲಿಲ್ಲ. ಮನೆಯವರು ಬಿಡದೆ ಕಳಿಸಿದ್ದರು. ಜಿಮ್‌ಗೆ ಹೋಗುವ ಮಕ್ಕಳನ್ನು ತಾಯಂದಿರು ತಡೆದರು. ಅದೇ ಹೊತ್ತಿಗೆ, ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತೆಂಬ ಸುದ್ದಿ ಕೇಳಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏಕಾಏಕಿ ಏರಿತು. ಅಕ್ಟೋಬರ್ 28ಕ್ಕೂ 30ಕ್ಕೂ ನಡುವೆ ನಾಡಿನ ಗಂಡಸರ ಹೃದಯದ ಸ್ಥಿತಿಯೇನೂ ಬದಲಾಗಿರಲಿಲ್ಲ. ಹೃದಯಾಘಾತಕ್ಕೆ ಒಂದು ಮುಖ ಬಂದಿತ್ತು, ಅದೂ ಮನೆಮನೆಗೂ ಗೊತ್ತಿದ್ದ ಮುಖ.

ಒಂದು ಕುಟುಂಬ ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ಹೆದರುವುದಿಲ್ಲ, ಹೆದರಿದಾಗ ಏನು ಮಾಡುತ್ತದೆ? ವೈದ್ಯಲೋಕ ಬಹಳ ಕಾಲ ಇದಕ್ಕೆ ಒಂದೇ ಉತ್ತರ ಇಟ್ಟುಕೊಂಡಿತ್ತು: ಜನಕ್ಕೆ ತಿಳಿವಳಿಕೆ ಸಾಲದು, ತಿಳಿಸಿ ಹೇಳಿದರೆ ಸರಿಹೋಗುತ್ತಾರೆ. ಕಳೆದ ಐವತ್ತು ವರ್ಷಗಳ ಅಧ್ಯಯನಗಳೂ ನಮ್ಮ ನಾಡಿನ ಅನುಭವವೂ ಈ ಉತ್ತರಕ್ಕೆ ಒಗ್ಗುವುದಿಲ್ಲ. ಜನ ಲೆಕ್ಕ ಹಾಕಿಯೇ ಹಾಕುತ್ತಾರೆ. ಆ ಲೆಕ್ಕದಲ್ಲಿ ರೋಗ ಬರುವ ಸಂಭವದ ಜೊತೆಗೆ ಬಸ್ ಚಾರ್ಜು, ತಪ್ಪಿಹೋಗುವ ಕೂಲಿ, ಅತ್ತೆಯ ಮಾತು, ಹಿಂದಿನ ಸಲ ಆಸ್ಪತ್ರೆಯಲ್ಲಿ ಸಿಕ್ಕ ಮರ್ಯಾದೆ, ಹೆಚ್ಚುಕಮ್ಮಿಯಾದರೆ ಯಾರ ತಲೆಗೆ ಬರುತ್ತದೆ ಎಂಬ ಅಂಜಿಕೆ ಎಲ್ಲವೂ ಸೇರಿರುತ್ತವೆ. ತಜ್ಞರ ಲೆಕ್ಕದಲ್ಲಿ ಇವಕ್ಕೆ ಜಾಗವಿಲ್ಲ. ಎರಡೂ ಲೆಕ್ಕ ತಾಳೆಯಾಗದಾಗ ತಪ್ಪು ಮನೆಯದೇ ಎಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ.

ಪುನೀತ್ ನಿಧನದ ನಂತರದ ಸಾಲುಗಳನ್ನು ವಿವರಿಸುವ ಮಾತನ್ನು ಮನೋವಿಜ್ಞಾನಿಗಳಾದ ಏಮಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲೇ ಬರೆದಿದ್ದರು. ಯಾವುದರ ಉದಾಹರಣೆ ಸಲೀಸಾಗಿ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತದೆಂದು ಮನಸ್ಸು ನಂಬುತ್ತದೆ. ಪಾಲ್ ಸ್ಲೋವಿಕ್ 1987ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಾಮಾನ್ಯ ಜನ ಅಪಾಯವನ್ನು ಸಾವಿನ ಸಂಖ್ಯೆಯೊಂದರಿಂದಲೇ ಅಳೆಯುವುದಿಲ್ಲ. ಅದು ನಮ್ಮ ಹಿಡಿತದಲ್ಲಿದೆಯೇ, ನಾವಾಗಿ ಆರಿಸಿಕೊಂಡದ್ದೇ, ಮೇಲೆ ಹೇರಿದ್ದೇ, ಹೊಸತೇ, ಕಣ್ಣಿಗೆ ಕಾಣುತ್ತದೆಯೇ, ಒಟ್ಟಿಗೆ ಹಲವರನ್ನು ಕೊಲ್ಲುತ್ತದೆಯೇ ಎಂದು ಕೇಳಿಕೊಳ್ಳುತ್ತಾರೆ. ಅದಕ್ಕೂ ಮೊದಲು, 1969ರಲ್ಲಿ, ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ ಹಾಕಿದ ಅಂದಾಜಿನ ಪ್ರಕಾರ, ಮೇಲಿಂದ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿನ ಅಪಾಯವನ್ನು ಜನ ತಾವಾಗಿ ಆರಿಸಿಕೊಂಡಾಗ ಸಹಿಸುತ್ತಾರೆ. ನಮ್ಮ ರಸ್ತೆಗಳಲ್ಲಿ ಇದನ್ನು ದಿನವೂ ಕಾಣಬಹುದು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1.68 ಲಕ್ಷ. ಮಗುವಿಗೆ ಚುಚ್ಚಿಸಿದ ಲಸಿಕೆಯಿಂದ ಜ್ವರ ಬಂತೆಂದು ರಾತ್ರಿಯಿಡೀ ಎದ್ದು ಕೂರುವ ತಂದೆ, ಬೆಳಗ್ಗೆ ಅದೇ ಮಗುವನ್ನು ಹೆಲ್ಮೆಟ್ ಇಲ್ಲದೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೊರಡುತ್ತಾನೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ ಬೇಕೆಂಬ ನಿಯಮ 2023ರಿಂದ ಜಾರಿಯಲ್ಲಿದೆ. ಆದರೆ ಹ್ಯಾಂಡಲ್ ಹಿಡಿದಿರುವವನು ತಾನೇ, ಆದ್ದರಿಂದ ಅವನಿಗೆ ಧೈರ್ಯ.

ಹಾಸನದಲ್ಲಿ 2025ರ ಮೇ ಕೊನೆಯಿಂದ ಜೂನ್ ಪೂರ್ತಿ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಟಿವಿಯವರು ದಿನದಿನದ ಎಣಿಕೆ ಇಟ್ಟರು. ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ನಸುಕಿನಿಂದಲೇ ಬಂದು ನಿಂತರು. ಅನುಮಾನ ಕೋವಿಡ್ ಲಸಿಕೆಯ ಕಡೆ ತಿರುಗಿತು. ಮುಖ್ಯಮಂತ್ರಿಯವರೂ ಅದನ್ನು ಬಹಿರಂಗವಾಗಿ ಆಡಿದರು. ಐಸಿಎಂಆರ್ ಮತ್ತು ಏಮ್ಸ್‌ನ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಕೆಲವು ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದು ತಿಳಿಯಿತು. ಉಳಿದವುಗಳಲ್ಲಿ ಮುಖ್ಯವಾಗಿ ಕಂಡದ್ದು ಹಳೆಯ ಕಾರಣಗಳೇ: ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ.

ಆ ಸಾಲಿನಲ್ಲಿ ನಿಂತವರನ್ನು ಮೂಢರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಿಪಿ ನೋಡಿಸಿಕೊಳ್ಳದೆ ವರ್ಷಗಟ್ಟಲೆ ಕಳೆದವರನ್ನು ಆಸ್ಪತ್ರೆಯವರೆಗೆ ಕರೆತಂದದ್ದು ಆ ಭಯವೇ. ತೊಂದರೆ ಇರುವುದು ಭಯದ ಆಯುಷ್ಯದಲ್ಲಿ. ಅದು ಒಂದು ತಿಂಗಳು ಇರುತ್ತದೆ. ಬಿಪಿ ಮಾತ್ರೆಯನ್ನು ಮೂವತ್ತು ವರ್ಷ ನುಂಗಬೇಕು. 'ಈಗ ನಾರ್ಮಲ್ ಆಗಿದೆಯಲ್ಲ' ಎಂದು ಮೂರನೇ ತಿಂಗಳಿಗೆ ಮಾತ್ರೆ ನಿಲ್ಲಿಸುವುದನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಮಾತ್ರೆಯಿಂದಲೇ ನಾರ್ಮಲ್ ಆಗಿದೆ ಎಂಬುದನ್ನು ಮೈ ಹೇಳುವುದಿಲ್ಲ.

ಸದ್ದಿಲ್ಲದ ಅಪಾಯಗಳ ಕಷ್ಟವೇ ಇದು. ಸೌದೆ ಒಲೆಯ ಹೊಗೆಯಂಥ ಮನೆಯೊಳಗಿನ ವಾಯುಮಾಲಿನ್ಯದಿಂದ 2019ರಲ್ಲಿ ಭಾರತದಲ್ಲಿ ಸತ್ತವರು ಸುಮಾರು ಆರು ಲಕ್ಷ ಎಂಬುದು ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜು. ಆ ಹೊಗೆಗೆ ಹೆದರಿ ಓಡಿದ ಒಂದು ಮನೆಯನ್ನೂ ಯಾರೂ ಕಂಡಿರಲಾರರು. 2016ರಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರ್ ಮನೆಗೆ ಬಂದ ಮೇಲೂ ಸ್ನಾನದ ಹಂಡೆಗೆ, ಮುದ್ದೆಗೆ, ದನದ ಹುರುಳಿಗೆ ಸೌದೆಯೇ ಉರಿಯುತ್ತದೆ. ಸೌದೆ ತರಲು ಕಾಸು ಬೇಡ, ಸಿಲಿಂಡರ್ ತುಂಬಿಸಲು ಬೇಕು. ಹೊಗೆ ಕುಡಿಯುವವಳು ಒಬ್ಬಳು, ಕಾಸು ಕೊಡುವವನು ಇನ್ನೊಬ್ಬ. ಪಾವಗಡ, ಕೋಲಾರ, ಮುಂಡರಗಿ ಕಡೆಯ ಫ್ಲೋರೈಡ್ ನೀರಿನದೂ ಇದೇ ಕಥೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಾನಕ ಹೇಳುತ್ತದೆ. ಆದರೆ ಆ ನೀರು ತಿಳಿಯಾಗಿರುತ್ತದೆ, ವಾಸನೆಯೂ ಇಲ್ಲ. ಮಗುವಿನ ಹಲ್ಲಿನಲ್ಲಿ ಕಂದು ಗೆರೆ ಮೂಡುವುದಕ್ಕೆ ವರ್ಷಗಳು ಬೇಕು, ಮೊಣಕಾಲು ಬಿಗಿಯುವುದಕ್ಕೆ ದಶಕಗಳು. ಊರಿನ ಎಲ್ಲರ ಹಲ್ಲೂ ಹಾಗೇ ಇದ್ದರೆ ಅದು ಕಾಯಿಲೆಯೆಂದೇ ಅನ್ನಿಸುವುದಿಲ್ಲ.

ಅನುಭವವೇ ಗುರು ಎಂಬ ಮಾತಿದೆ. ಆರೋಗ್ಯದ ವಿಷಯದಲ್ಲಿ ಈ ಗುರುವಿನ ಪಾಠ ಹಲವು ಸಲ ಅಡ್ಡದಾರಿಗೆ ಒಯ್ಯುತ್ತದೆ. ಕಾಮಾಲೆಯನ್ನು ನೋಡಿ. ಕಲುಷಿತ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆ ವಾರಗಳಲ್ಲಿ ಯಾರ ಸೊಪ್ಪಿನ ರಸ ಕುಡಿದಿರುತ್ತಾರೋ ಅವರಿಗೆ ಹೆಸರು ಬರುತ್ತದೆ. ಹಾವಿನದೂ ಹೀಗೆಯೇ. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳು ಕಚ್ಚಿದಾಗಲೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಆದ್ದರಿಂದ ಮಂತ್ರ ಹಾಕಿಸಿಕೊಂಡವರಲ್ಲಿ ಬದುಕಿದವರೇ ಹೆಚ್ಚು, ಕಥೆ ಹೇಳುವವರೂ ಅವರೇ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ ಮೆತ್ತಿ ಸುಮ್ಮನಾದವರೂ ಬದುಕುತ್ತಾರೆ, ಏಕೆಂದರೆ ಕಚ್ಚಿದ ನಾಯಿಗಳಲ್ಲಿ ಹುಚ್ಚು ಹಿಡಿದವು ಕಡಿಮೆ. ರಾಲ್ಫ್ ಹರ್ಟ್‌ವಿಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಯೋಗದ ಮೂಲಕ ತೋರಿಸಿದ್ದು ಇದನ್ನೇ: ಸ್ವಂತ ಅನುಭವದಿಂದ ಕಲಿಯುವವರು ಅಪರೂಪದ ಘಟನೆಗೆ ಅದರ ನಿಜವಾದ ತೂಕ ಕೊಡುವುದಿಲ್ಲ. ಆದರೆ ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರಿಲ್ಲವೆಂದೇ ಹೇಳಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ಹಾಗೆಂದು ರಾತ್ರಿ ಎರಡು ಗಂಟೆಗೆ ಮಗನ ಕಾಲಿಗೆ ಹಾವು ಕಚ್ಚಿದ ಮನೆಯಲ್ಲಿ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಆ ಮನೆಯವರ ಮುಂದಿರುವ ಪ್ರಶ್ನೆ ಮಂತ್ರವೋ ವಿಜ್ಞಾನವೋ ಎಂಬುದಲ್ಲ. ಮಂತ್ರದವನ ಮನೆ ಪಕ್ಕದ ಬೀದಿಯಲ್ಲಿದೆ. ಮೂವತ್ತು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಇದೆಯೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಔಷಧಿ ಇದೆ ಎಂಬ ಭರವಸೆಯೇ ಅರ್ಧ ಚಿಕಿತ್ಸೆ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಇಲಾನಾ ರಿಟೋವ್ ಮತ್ತು ಜೊನಾಥನ್ ಬ್ಯಾರನ್ 1990ರಲ್ಲಿ ಒಂದು ಪ್ರಶ್ನೆ ಮುಂದಿಟ್ಟರು: ರೋಗದಿಂದ ಸಾಯುವ ಮಕ್ಕಳಿಗಿಂತ ಲಸಿಕೆಯಿಂದ ಸಾಯುವವರು ತೀರಾ ಕಡಿಮೆಯಿದ್ದರೆ ಹಾಕಿಸುತ್ತೀರಾ? ಹಲವರು ಒಪ್ಪಲಿಲ್ಲ. ಹಾಕಿಸದೆ ಮಗುವಿಗೆ ಕೆಟ್ಟದ್ದಾದರೆ ಅದು ವಿಧಿ. ಹಾಕಿಸಿ ಆದರೆ ಅದು ತನ್ನ ಕೈಯಿಂದಾದದ್ದು. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸಂದೇಶಗಳು ಸರಿಯಾಗಿ ಈ ಜಾಗಕ್ಕೇ ಚುಚ್ಚಿದವು. ಕೆಲವು ಶಾಲೆಗಳಲ್ಲಿ ಪೋಷಕರು ಮಕ್ಕಳನ್ನು ಅಂದು ಕಳಿಸಲೇ ಇಲ್ಲ. ಆ ತಾಯಂದಿರಿಗೆ ವಿಜ್ಞಾನದ ಮೇಲೆ ದ್ವೇಷವಿರಲಿಲ್ಲ. 'ನಾಳೆ ಏನಾದರೂ ಆದರೆ ನನ್ನನ್ನೇ ಅನ್ನುತ್ತಾರೆ' ಎಂಬ ಮಾತಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಸಂಖ್ಯೆಯನ್ನು ಹೇಳುವ ರೀತಿಯೂ ಪ್ರಾಣದ ವಿಷಯವೇ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಹೊಸ ತರಹದ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆಂದು ಎಚ್ಚರಿಸಿತು. ಮನೋವಿಜ್ಞಾನಿ ಗರ್ಡ್ ಗಿಗರೆನ್ಸರ್ ಈ ಪ್ರಕರಣವನ್ನು ಮತ್ತೆ ಮತ್ತೆ ಬಿಡಿಸಿ ಹೇಳಿದ್ದಾರೆ. ನಿಜವಾಗಿ ಆಗಿದ್ದು ಏಳು ಸಾವಿರಕ್ಕೆ ಒಬ್ಬಳಿದ್ದದ್ದು ಇಬ್ಬರಾದದ್ದು. ಎಚ್ಚರಿಕೆ ಕೇಳಿ ಹೆಂಗಸರು ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು. 'ಇಮ್ಮಡಿ' ಎಂದು ಕೇಳಿ ಹೆದರಿದವರು ಸರಿಯಾಗಿಯೇ ಹೆದರಿದರು, ಅವರಿಗೆ ಹೇಳಿದ್ದೇ ಅಷ್ಟು. ವೈದ್ಯರು ಇದಕ್ಕೆ ಹೊರತೇನಲ್ಲ. ನೂರಕ್ಕೆ ತೊಂಬತ್ತು ಮಂದಿ ಬದುಕುತ್ತಾರೆ ಎಂದು ಕೇಳಿದವರಿಗಿಂತ ಹತ್ತು ಮಂದಿ ಸಾಯುತ್ತಾರೆ ಎಂದು ಕೇಳಿದವರಲ್ಲಿ ಶಸ್ತ್ರಚಿಕಿತ್ಸೆಯನ್ನು ಆರಿಸಿದವರು ಕಡಿಮೆ ಎಂದು 1982ರ ಅಧ್ಯಯನವೊಂದು ತೋರಿಸಿತು. ವೈದ್ಯರ ಉತ್ತರವೂ ಹಾಗೆಯೇ ಬದಲಾಗಿತ್ತು.

'ಕುಟುಂಬ ನಿರ್ಧರಿಸುತ್ತದೆ' ಎಂದು ಬರೆಯುವುದು ಸುಲಭ. ಕುಟುಂಬದಲ್ಲಿ ಯಾರು? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಶಸ್ತ್ರಚಿಕಿತ್ಸೆ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಗಂಡಸಿನದು ಕೆಲವೇ ನಿಮಿಷದ ಕೆಲಸ, ಹೊಟ್ಟೆ ಕೊಯ್ಯಬೇಕಿಲ್ಲ, ಅಪಾಯವೂ ಕಡಿಮೆ. ಆದರೂ 'ಅವರು ದುಡಿಯುವವರು, ಶಕ್ತಿ ಕುಂದಿದರೆ ಮನೆ ನಡೆಯುವುದು ಹೇಗೆ' ಎಂಬ ಒಂದು ಮಾತಿಗೆ ಲಕ್ಷಾಂತರ ಹೆಂಗಸರು ಕ್ಯಾಂಪಿನ ಟೇಬಲ್ ಮೇಲೆ ಮಲಗಿದ್ದಾರೆ. ಅವಳೂ ದುಡಿಯುವವಳೇ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚು ಅಪಾಯದ ದಾರಿಯನ್ನು ಮನೆ ಗೊತ್ತಿದ್ದೂ ಆರಿಸಿ, ಅದನ್ನು ಮಾತನಾಡಲಾಗದವರ ಮೇಲೆ ಹೊರಿಸುವ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ಮಾತ್ರ ಮನೆಯ ಲೆಕ್ಕವನ್ನು ನಾನು ಸಮರ್ಥಿಸಲಾರೆ.

ಇನ್ನು ಹಣದ ಮಾತು. 2010ರಲ್ಲಿ ಉಚಿತ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉತ್ತರ ಕರ್ನಾಟಕದ ಬಡವರಿಗೆ ಮೊದಲು ಸಿಕ್ಕಿತು, ದಕ್ಷಿಣಕ್ಕೆ ಆಮೇಲೆ. ಯೋಜನೆಯ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರು ಯೋಜನೆ ಇದ್ದ ಕಡೆ ಶೇಕಡಾ 0.32, ಇಲ್ಲದ ಕಡೆ 0.90. ಗಡಿಯ ಎರಡೂ ಕಡೆ ಅದೇ ಭಾಷೆ, ಅದೇ ಊಟ, ಅದೇ ದೇವರು, ತಿಳಿವಳಿಕೆಯೂ ಅಷ್ಟೇ. ರಾಜಸ್ಥಾನದ ಉದಯಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ 2010ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಪೂರ್ತಿ ಲಸಿಕೆ ಪಡೆದ ಮಕ್ಕಳು ಮಾಮೂಲಿ ಹಳ್ಳಿಗಳಲ್ಲಿ ಶೇಕಡಾ 6. ತಪ್ಪದೆ ಕ್ಯಾಂಪ್ ನಡೆದಲ್ಲಿ 18. ಕ್ಯಾಂಪಿನ ಜೊತೆ ಪ್ರತಿ ಸಲ ಒಂದು ಕಿಲೋ ಬೇಳೆ, ಕೊನೆಗೆ ಊಟದ ತಟ್ಟೆಗಳನ್ನು ಕೊಟ್ಟಲ್ಲಿ 39. ಬೇಳೆಯ ಆಸೆಗೆ ಬಂದರು ಎಂದು ಹಗುರವಾಗಿ ನೋಡುವವರಿದ್ದಾರೆ. ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿಗೆ ಆ ಬೇಳೆ ಆ ಹೊತ್ತಿನ ಊಟ.

ಕೊನೆಯದಾಗಿ ನಂಬಿಕೆ. ಅದನ್ನು ತಿಳಿಯಲು ಮಲೆನಾಡಿಗೆ ಹೋಗಬೇಕು. ಅದಕ್ಕೂ ಮೊದಲು ಪ್ಲೇಗಿನ ಕಾಲದ ಒಂದು ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟ ಮೇಲೆ ಹಳೆ ಮೈಸೂರಿನ ಹಳ್ಳಿಗಳು ಬೇಗನೆ ಒಂದು ಪಾಠ ಕಲಿತವು: ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಪ್ಲೇಗಮ್ಮನಿಗೆ ಪೂಜೆಯನ್ನೂ ಮಾಡಿದರು, ಊರನ್ನೂ ಖಾಲಿ ಮಾಡಿದರು. ತಮ್ಮ ಕಣ್ಣಿಗೆ ಕಂಡ ಗುರುತಿನ ಮೇಲೆ ತಾವೇ ಮಾಡಿದ ತೀರ್ಮಾನವಾದ್ದರಿಂದ ಅದು ನಡೆಯಿತು. ಪುಣೆಯಲ್ಲಿ ಸೈನಿಕರು ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದಾಗ ಜನ ರೋಗಿಗಳನ್ನೇ ಬಚ್ಚಿಟ್ಟರು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಮನುಷ್ಯರಿಗೆ ಜ್ವರ ಬಂತು. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ಇದೆ. ಹರಡುವುದು ಉಣುಗಿನಿಂದ. ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮಲೆನಾಡಿನವರು ಕಾಡಿಗೆ ಹೋಗಲೇಬೇಕಾದ ಕಾಲವೂ ಅದೇ. ಎಲೆ ಉದುರುತ್ತದೆ, ಕೊಟ್ಟಿಗೆಗೆ ದರಕು ಗುಡಿಸಿ ತರಬೇಕು, ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರಬೇಕು, ಮಳೆಗಾಲಕ್ಕೆ ಸೌದೆ ಸೇರಿಸಬೇಕು, ದನ ಮೇಯಲು ಹೋಗುತ್ತವೆ. 'ಕಾಡಿಗೆ ಹೋಗಬೇಡಿ' ಎಂಬ ಫಲಕ ಹಾಕುವವರಿಗೆ ತಿಂಗಳ ಸಂಬಳ ಬರುತ್ತದೆ. ದರಕು ತರದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ನೂರಾರು ಸಲ ಕಾಡಿಗೆ ಹೋಗಿ ಏನೂ ಆಗದೆ ಬಂದವನ ಅನುಭವದ ಮುಂದೆ ಆ ಫಲಕದ ತೂಕ ಕಡಿಮೆ.

ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಮೊದಲು ಡಿಎಂಪಿ ಎಣ್ಣೆ, ಆಮೇಲೆ ಡೇಪಾ ತೈಲ ಕೊಟ್ಟರು. ಬಿಸಿಲಲ್ಲಿ ಬೆವರುತ್ತ ಕೆಲಸ ಮಾಡುವವರಿಗೆ ಅಂಟು, ವಾಸನೆ. ಲಸಿಕೆಯೂ ಇತ್ತು. ಎರಡು ಡೋಸ್ ಒಂದು ತಿಂಗಳ ಅಂತರದಲ್ಲಿ, ಬಳಿಕ ಬೂಸ್ಟರ್, ಅದಾದ ಮೇಲೂ ವರ್ಷ ವರ್ಷ. ಚುಚ್ಚಿದ ಜಾಗ ಬಾತು ನೋಯುತ್ತಿತ್ತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೈ ಎತ್ತಲಾಗದಿದ್ದರೆ ಆ ದಿನದ ಕೂಲಿ ಹೋಯಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು ಕಂಡಿತು. ಅಂದರೆ ಇಷ್ಟೆಲ್ಲ ನೋವು ತಿಂದ ಮೇಲೂ ಕಾಯಿಲೆ ಬರುವ ಸಾಧ್ಯತೆ ಉಳಿಯುತ್ತಿತ್ತು, ಮತ್ತು ಹಾಗೆ ಬಂದ ಒಂದೊಂದು ಕೇಸನ್ನೂ ಊರು ನೆನಪಿಟ್ಟುಕೊಳ್ಳುತ್ತಿತ್ತು. ಅರ್ಧಕ್ಕೇ ಬಿಟ್ಟವರನ್ನು ಅಧಿಕಾರಿಗಳು ಅಸಹಕಾರ ಮಾಡುವವರೆಂದು ಕರೆದರು. 2018-19ರ ಬೇಸಿಗೆಯ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮನೆಗಳಿಂದ ಹೆಣಗಳು ಹೊರಟವು. ಆಗ ಲಸಿಕೆ ಕೇಳಿಕೊಂಡು ಬಂದವರು ಅದೇ ಜನ. ಕೊನೆಗೆ, ಬ್ಯಾಚುಗಳು ನಿಗದಿತ ಗುಣಮಟ್ಟ ಮುಟ್ಟುತ್ತಿಲ್ಲವೆಂದು 2022ರ ಹೊತ್ತಿಗೆ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. 'ಇದರಿಂದ ಉಪಯೋಗವಿಲ್ಲ' ಎಂದು ವರ್ಷಗಳಿಂದ ಗೊಣಗುತ್ತಿದ್ದವರಿಗೆ ಸರ್ಕಾರದ ಬಾಯಿಂದಲೇ ಆ ಮಾತು ಕೇಳಿಬಂತು. ಇದಾದ ಮೇಲೆ ಅವರಿಗೆ ತಿಳಿವಳಿಕೆ ಸಾಲದು ಎನ್ನುವ ಹಕ್ಕು ಯಾರಿಗಿದೆ?

ಇಷ್ಟರ ನಡುವೆಯೂ ಮಲೆನಾಡಿನ ಮನೆಗಳ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದಕ್ಕೆ ಕಾರಣ ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಜ್ವರ, ಯಾವ ದಿಕ್ಕಿನಲ್ಲಿ ಮಂಗ ಸತ್ತಿದೆ, ಯಾವ ಸೊಸೆ ಅತ್ತೆಯೆದುರು ಬಾಯಿ ಬಿಡುವುದಿಲ್ಲ ಎಂಬುದೆಲ್ಲ ಆಕೆಗೆ ಗೊತ್ತು. ಆಕೆಯ ಮಾತನ್ನು ಮನೆಯವರು ಕೇಳುವುದು ಆಕೆ ಅದೇ ಊರಿನ ಸೊಸೆಯಾದ್ದರಿಂದ, ಆಕೆಯ ಮಕ್ಕಳಿಗೂ ಅದೇ ಸೂಜಿ ಚುಚ್ಚಿದ್ದನ್ನು ಅವರು ನೋಡಿದ್ದರಿಂದ. ಇಂಥ ಹೆಂಗಸರು 2025ರ ಜನವರಿಯಲ್ಲಿ ತಿಂಗಳ ಗೌರವಧನ ಖಾತರಿಯಾಗಲೆಂದು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಅಪಾಯದ ಬಗ್ಗೆ ಜಾಗೃತಿಗೆಂದು ಪೋಸ್ಟರಿಗೂ ಜಾಹೀರಾತಿಗೂ ಸುರಿಯುವ ಹಣವನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ.

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ಐಸಿಎಂಆರ್ ನೆರವಿನಿಂದ ನಡೆದಿದೆ. ಅದು ಬಂದ ದಿನ ಅರಳಗೋಡಿನ ಜಗುಲಿಯಲ್ಲಿ ಕೂತವರು ಕೇಳುವ ಪ್ರಶ್ನೆಗಳು ಈಗಲೇ ಗೊತ್ತಿವೆ. ಎಷ್ಟು ಸಲ ಚುಚ್ಚಿಸಬೇಕು? ಕೈ ಎಷ್ಟು ದಿನ ನೋಯುತ್ತದೆ? ಕೊಯ್ಲು ಮುಗಿದ ಮೇಲೆ ಕೊಡಬಹುದೇ? ಹಾಕಿಸಿಕೊಂಡ ಮೇಲೂ ಜ್ವರ ಬಂದರೆ ಮಣಿಪಾಲಕ್ಕೆ ಕರೆದೊಯ್ಯುವ ಗಾಡಿ ಯಾರದು, ಬಿಲ್ ಯಾರದು? ಹಳೆಯ ಲಸಿಕೆ ಕೆಲಸ ಮಾಡುತ್ತಿಲ್ಲವೆಂದು ಎಂದಿನಿಂದ ಗೊತ್ತಿತ್ತು, ನಮಗೆ ಯಾಕೆ ಹೇಳಲಿಲ್ಲ? ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು ಆಮೇಲೆ ಪೆಟ್ಟಿಗೆ ತೆರೆಯುವ ಇಲಾಖೆಗೆ ತೋಳು ಚಾಚುವವರು ಆ ಜಗುಲಿಯಲ್ಲಿ ಸಿಗುತ್ತಾರೆ.